ಬಾಲ್ಕನಿಯಲ್ಲಿ ಕೇಳಿದ ‘ರೆಸಿಸ್ತಿರೆ’

ಸ್ಪೇನಿನಲ್ಲಿ ಯಾರ ಹತ್ತಿರವಾದರೂ ಕೊರೋನಾ ಕಾಲದ ಮಾತು ತೆಗೆಯಿರಿ, ನಡುವೆ ಒಂದು ಹಾಡು ಬಂದೇ ಬರುತ್ತದೆ. ‘ರೆಸಿಸ್ತಿರೆ’. ತಡೆದುಕೊಂಡು ನಿಲ್ತೀನಿ ಅಂತ ಅರ್ಥ. ಆಗ ನಾನು ಮ್ಯಾಡ್ರಿಡ್‌ನ ಲಾವಾಪಿಯೇಸ್ ಅನ್ನುವ ಹಳೇ ಬಡಾವಣೆಯಲ್ಲಿದ್ದೆ. ಈಗಲೂ ಅಲ್ಲೇ ಇದ್ದೇನೆ. ಆ ದಿನಗಳಲ್ಲಿ ಊರಿಂದ ಫೋನ್ ಮಾಡಿದವರೆಲ್ಲ ಇವತ್ತು ಎಷ್ಟು ಜನ ಹೋದರು ಅಂತಲೇ ಕೇಳುತ್ತಿದ್ದರು. ಅವರ ತಪ್ಪಲ್ಲ, ಟಿವಿಯಲ್ಲಿ ಬರುತ್ತಿದ್ದದ್ದೇ ಅದು. ಹಾಡಿನ ವಿಷಯ ಹೇಳೋದಕ್ಕೆ ಆಗಲೇ ಇಲ್ಲ.

ಈ ಹಾಡು ಎರಡು ಸಲ ಗೆದ್ದಿದೆ. 1988ರಲ್ಲಿ ಒಮ್ಮೆ, 2020ರಲ್ಲಿ ಇನ್ನೊಮ್ಮೆ. ಎರಡನೇ ಸಲ ಹತ್ತಾರು ಗಾಯಕರು ಸೇರಿ ಹೊಸದಾಗಿ ಹಾಡಿದರು. ಹೊಸಬರಿಗೆ ಅದೇ ಜಾಸ್ತಿ ಗೊತ್ತು. ನನಗೆ ಮಾತ್ರ ಹಳೆಯದೇ ದೊಡ್ಡದು.

ಹಳೆಯದನ್ನು ಹಾಡಿದ್ದು ‘ಡುವೊ ದಿನಾಮಿಕೊ’ ಅನ್ನುವ ಜೋಡಿ. ಮನುವೆಲ್ ದೆ ಲಾ ಕಾಲ್ವಾ, ರಮೋನ್ ಅರ್ಕುಸಾ. ಇಬ್ಬರೂ ಬಾರ್ಸಿಲೋನಾದವರು, ವಿಮಾನದ ಎಂಜಿನ್ ಮಾಡುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಗ ಗೆಳೆಯರಾದವರು. ಅರವತ್ತರ ದಶಕದಲ್ಲಿ ಕೆಂಪು ಸ್ವೆಟರ್ ತೊಟ್ಟು ಹಾಡುತ್ತಿದ್ದ ಈ ಹುಡುಗರಿಗೆ ಇಡೀ ದೇಶ ಮರುಳಾಗಿತ್ತು. 1968ರಲ್ಲಿ ಯುರೋಪಿನ ದೇಶಗಳ ಹಾಡಿನ ಸ್ಪರ್ಧೆ ಯುರೋವಿಷನ್ ಗೆದ್ದ ಸ್ಪೇನಿನ ಹಾಡನ್ನು ಬರೆದವರೂ ಇವರೇ. ಆಮೇಲೆ ಕಾಲ ಬದಲಾಯಿತು, ಇಬ್ಬರೂ ಬೇರೆ ಗಾಯಕರಿಗೆ ಹಾಡು ಕಟ್ಟಿಕೊಡುತ್ತಾ ತೆರೆಯ ಹಿಂದಕ್ಕೆ ಸರಿದರು. ‘ರೆಸಿಸ್ತಿರೆ’ ಹಾಡುವಾಗ ಇಬ್ಬರಿಗೂ ಐವತ್ತು ದಾಟಿತ್ತು. ಅದು ದನಿಯಲ್ಲೇ ಗೊತ್ತಾಗುತ್ತದೆ. ಇಪ್ಪತ್ತರ ಹುಡುಗ ‘ನಾನು ಸೋಲಲ್ಲ’ ಅಂದರೆ ಅದು ಹುಮ್ಮಸ್ಸು. ಐವತ್ತು ದಾಟಿದವರು ಅಂದರೆ ನಾವು ತಲೆ ಎತ್ತಿ ನೋಡುತ್ತೇವೆ, ಅಲ್ವಾ?

ರಾಗ ಮನುವೆಲ್ ಅವರದು. ಸಾಹಿತ್ಯ ಕಾರ್ಲೋಸ್ ತೋರೊ ಎಂಬ ಕ್ರೀಡಾ ಪತ್ರಕರ್ತರದು. ಅವರ ಅಪ್ಪ ಕಮ್ಯುನಿಸ್ಟ್, ಫ್ರಾಂಕೊನ ಸರ್ವಾಧಿಕಾರದಲ್ಲಿ ವರ್ಷಗಟ್ಟಲೆ ಜೈಲಲ್ಲಿದ್ದವರು. ಇದನ್ನು ತಿಳಿದ ಮೇಲೆ ಹಾಡಿನ ಮೊದಲ ಭಾಗ ನನಗೆ ಬೇರೆಯೇ ಆಗಿ ಕೇಳಿಸತೊಡಗಿತು. ಆಡಿದ ಆಟವೆಲ್ಲ ಸೋತಾಗ, ಒಂಟಿತನದ ಪಕ್ಕ ಮಲಗಬೇಕಾದಾಗ, ಬಾಗಿಲುಗಳು ಮುಚ್ಚಿಕೊಂಡಾಗ ಅಂತ ಕಷ್ಟಗಳನ್ನು ಒಂದೊಂದಾಗಿ, ತಗ್ಗಿದ ದನಿಯಲ್ಲಿ ಎಣಿಸುತ್ತಾ ಹೋಗುತ್ತದೆ. ಆಮೇಲೆ ದನಿ ಒಮ್ಮೆಲೇ ಮೇಲೇಳುತ್ತದೆ. ಬಾಗಿದರೂ ಮುರಿಯದ ಜೊಂಡಿನ ಮಾತು ಬರುವುದು ಅಲ್ಲೇ. ಎಲ್ಲರೂ ಗಂಟಲು ಬಿಡುವುದೂ ಅಲ್ಲೇ. ಇಡೀ ಹಾಡಿನಲ್ಲಿ ದೇಶದ ಹೆಸರಿಲ್ಲ, ದೇವರನ್ನು ಬೇಡಿಕೊಳ್ಳುವುದಿಲ್ಲ, ಇಂಥ ಕಷ್ಟವೇ ಅಂತಲೂ ಹೇಳುವುದಿಲ್ಲ. ಹಾಗಾಗಿ ಯಾರ ಕಷ್ಟಕ್ಕೂ ಒದಗುತ್ತದೆ. ಸ್ಪೇನಿನ ನಿರ್ದೇಶಕ ಪೆದ್ರೊ ಅಲ್ಮೊದೊವಾರ್ 1990ರ ತಮ್ಮ ‘ಆತಮೆ’ ಸಿನಿಮಾದ ಕೊನೆಗೆ ಇದನ್ನು ಇಟ್ಟರು. ಕಾರಲ್ಲಿ ಹೋಗುತ್ತಾ ಪಾತ್ರಗಳು ಹಾಡುತ್ತವೆ, ನಾಯಕಿ ವಿಕ್ಟೋರಿಯಾ ಅಬ್ರಿಲ್ ಕಣ್ಣಲ್ಲಿ ನೀರು.

2020ರ ಮಾರ್ಚ್ 14ರಂದು ಇಲ್ಲಿ ತುರ್ತು ಸ್ಥಿತಿ ಘೋಷಣೆಯಾಯಿತು. ದಿನಸಿ, ಔಷಧಿ ಬಿಟ್ಟರೆ ಹೊರಗೆ ಕಾಲಿಡುವ ಹಾಗಿಲ್ಲ. ಮಕ್ಕಳಂತೂ ಏಪ್ರಿಲ್ 26ರವರೆಗೆ ಬೀದಿಯನ್ನೇ ನೋಡಲಿಲ್ಲ. ಆಸ್ಪತ್ರೆಯಲ್ಲಿ ದುಡಿಯುವವರಿಗಾಗಿ ಪ್ರತಿದಿನ ರಾತ್ರಿ ಎಂಟಕ್ಕೆ ಎಲ್ಲರೂ ಬಾಲ್ಕನಿಗೆ ಬಂದು ಚಪ್ಪಾಳೆ ತಟ್ಟುವುದು ರೂಢಿಯಾಯಿತು. ನಮ್ಮ ಬೀದಿ ತುಂಬಾ ಕಿರಿದು. ಎದುರು ಮನೆಯವರು ಒಲೆ ಮೇಲೆ ಏನಿಟ್ಟಿದ್ದಾರೆ ಅನ್ನುವುದು ವಾಸನೆಯಲ್ಲೇ ಗೊತ್ತಾಗುತ್ತದೆ. ಚಪ್ಪಾಳೆ ನಿಲ್ಲುತ್ತಿದ್ದ ಹಾಗೇ ಮೂರನೇ ಮಹಡಿಯ ಹುಡುಗನೊಬ್ಬ ಸ್ಪೀಕರನ್ನು ಕಬ್ಬಿಣದ ಕಟಕಟೆಗೆ ಒರಗಿಸಿ 1988ರ ಆ ಹಾಡನ್ನೇ ಹಾಕುತ್ತಿದ್ದ. ಹೊಸದು ಆಗಿನ್ನೂ ಹುಟ್ಟಿಯೇ ಇರಲಿಲ್ಲ.

ಮೊದಲ ಎರಡು ವಾರ ಎಂಟಕ್ಕೆ ಕತ್ತಲಾಗಿರುತ್ತಿತ್ತು. ದನಿ ಕೇಳುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಮಾರ್ಚ್ 29ರಂದು ಯುರೋಪಿನ ಗಡಿಯಾರಗಳು ಒಂದು ಗಂಟೆ ಮುಂದೆ ಹೋದವು. ಆವತ್ತು ಎಂಟಕ್ಕೆ ಹೊರಗೆ ಬಂದರೆ ಇನ್ನೂ ಹಗಲು! ಎದುರಿನ ಅಜ್ಜಿ ಮನೆ ಗೌನಿನಲ್ಲೇ ನಿಂತು, ಒಂದು ಕೈಯಲ್ಲಿ ಕಟಕಟೆ ಹಿಡಿದು, ಇನ್ನೊಂದು ಕೈಯಿಂದ ಅದಕ್ಕೇ ತಟ್ಟುತ್ತಿದ್ದರು. ಅವರಿಗೆ ಹಾಡಿನ ಪ್ರತಿ ಸಾಲೂ ಬಾಯಿಪಾಠ. ಕೆಳಗಿನ ಬಾಂಗ್ಲಾದೇಶದ ಅಂಗಡಿಯವನಿಗೂ ನನಗೂ ಒಂದೇ ಪದ ಗೊತ್ತಿದ್ದದ್ದು, ಅದು ಬಂದಾಗ ನಾವೂ ಕೂಗುತ್ತಿದ್ದೆವು.

ಗಡಿಯಾರ ಬದಲಾದದ್ದು ಇನ್ನೊಂದಕ್ಕೂ ಒಳ್ಳೆಯದಾಯಿತು. ಇಲ್ಲಿಯ ಎಂಟು ಗಂಟೆ ಅಂದರೆ ಊರಲ್ಲಿ ಮಧ್ಯರಾತ್ರಿ ಹನ್ನೆರಡೂವರೆ ಇದ್ದದ್ದು ಹನ್ನೊಂದೂವರೆ ಆಯಿತು. ಅಮ್ಮ ಎಚ್ಚರ ಇದ್ದು ಫೋನಲ್ಲೇ ಕೇಳಿಸಿಕೊಳ್ಳುತ್ತಿದ್ದಳು. ಮಾರ್ಚ್ 22ರ ಜನತಾ ಕರ್ಫ್ಯೂ ದಿನ ಅವಳೂ ಸಂಜೆ ಐದಕ್ಕೆ ತಟ್ಟೆ ಬಡಿದಿದ್ದಳು. ‘ನಿಮ್ಮಲ್ಲಿ ದಿನಾ ಬಡೀತಾರಾ?’ ಅಂತ ಅವಳಿಗೆ ಆಶ್ಚರ್ಯ.

ಏಪ್ರಿಲ್ ಮೊದಲಲ್ಲಿ ‘ರೆಸಿಸ್ತಿರೆ 2020’ ಬಂತು. ಕಾದೆನಾ 100 ರೇಡಿಯೊದವರು ಹೊರಡಿಸಿದ್ದು. ದಾವಿದ್ ಬಿಸ್ಬಾಲ್, ರೊಸಾಲೆನ್, ಮೆಲೆಂದಿ, ವನೇಸಾ ಮಾರ್ತಿನ್ ಇವರೆಲ್ಲ ತಂತಮ್ಮ ಮನೆಯಲ್ಲೇ ಹಾಡಿ ಕಳಿಸಿದ್ದನ್ನು ಜೋಡಿಸಿದ್ದಾರೆ. ಬಂದ ಹಣ ಬಡವರಿಗೆ ನೆರವಾಗುವ ಕಾರಿತಾಸ್ ಸಂಸ್ಥೆಗೆ. ಕೆಲಸ ಕಳೆದುಕೊಂಡ ಮನೆಗಳಿಗೆ ಊಟ ಬೇಕಾಗಿದ್ದ ಹೊತ್ತು ಅದು. ಈ ಒಂದು ಕಾರಣಕ್ಕೇ ಆ ಹಾಡಿನ ಮೇಲೆ ನನಗೆ ಗೌರವ.

ಆದರೆ ಕೇಳುವುದಕ್ಕೆ? ಒಬ್ಬರಿಗೆ ಒಂದು ಸಾಲು, ಕೆಲವರಿಗೆ ಅರ್ಧ. ಕಷ್ಟಗಳನ್ನು ಎಣಿಸಿದ ಮನುಷ್ಯನೇ ಕೊನೆಗೆ ಎದ್ದು ನಿಲ್ಲಬೇಕು, ಹಾಡಿನ ಜೀವ ಇರುವುದು ಅದರಲ್ಲಿ. ಇಲ್ಲಿ ಎಣಿಸುವವರು ಒಬ್ಬರು, ಏಳುವವರು ಇನ್ನೊಬ್ಬರು. ದನಿಗಳು ಚೆನ್ನಾಗಿವೆ, ಶ್ರುತಿ ಎಲ್ಲೂ ತಪ್ಪಿಲ್ಲ. ನಮ್ಮ ಬೀದಿಯಲ್ಲಿ ಶ್ರುತಿಯೇ ಇರಲಿಲ್ಲ, ಆದರೂ ಪ್ರತಿಯೊಬ್ಬರೂ ಮೊದಲಿಂದ ಕೊನೆವರೆಗೆ ತಮ್ಮದೇ ಕಷ್ಟ ಹಾಡುತ್ತಿದ್ದರು. ಹೊಸದು ಬಂದ ಮೇಲೂ ಆ ಹುಡುಗ ಹಳೆಯದನ್ನೇ ಹಾಕಿದ. ಯಾರೂ ಬದಲಿಸು ಅನ್ನಲಿಲ್ಲ.

2025ರ ಆಗಸ್ಟ್‌ನಲ್ಲಿ ಮನುವೆಲ್ ತೀರಿಕೊಂಡರು, 88 ವರ್ಷವಾಗಿತ್ತು. ತಮ್ಮ ಹಾಡು ಮೂವತ್ತೆರಡು ವರ್ಷದ ಮೇಲೆ ಇಡೀ ದೇಶದ ಬಾಯಲ್ಲಿ ಬಂದದ್ದನ್ನು ಅವರು ಬದುಕಿದ್ದು ಕೇಳಿದರು ಅನ್ನುವುದು ನನಗೆ ತುಂಬಾ ಸಂತೋಷದ ಸಂಗತಿ.

ನೀವು ಕೇಳುವುದಾದರೆ ಮೊದಲು 1988ರದ್ದನ್ನು ಹಾಕಿ. ಭಾಷೆ ಬರದಿದ್ದರೂ ಪರವಾಗಿಲ್ಲ, ದನಿ ಎಲ್ಲಿ ಏಳುತ್ತದೆ ಅನ್ನುವುದು ಗೊತ್ತಾಗುತ್ತದೆ. ಆಮೇಲೆ ಬೇಕಾದರೆ 2020ರದ್ದು. ಸಾಧ್ಯವಾದರೆ ಆ ವಸಂತದಲ್ಲಿ ಜನ ಬಾಲ್ಕನಿಗಳಿಂದ ಫೋನಲ್ಲಿ ತೆಗೆದ ವಿಡಿಯೊ ಒಂದನ್ನಾದರೂ ಹುಡುಕಿ ನೋಡಿ. ಯೂಟ್ಯೂಬ್‌ನಲ್ಲಿ ಬೇಕಾದಷ್ಟು ಇವೆ.