ಮಳೆಗಾಲದ ಕುಲುಮೆಗೆ ಗ್ಯಾಸಿನ ಬೆಂಕಿ

ಆಗುಂಬೆಯ ಮಳೆ ನೋಡಲು ಬಂದವರಿಗೆ ಸೊಗಸು. ಇದ್ದಿಲನ್ನು ನಂಬಿ ಬದುಕುವ ಕಮ್ಮಾರನಿಗೆ ಅದು ನಾಲ್ಕು ತಿಂಗಳ ಕಾಟ. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಸುರಿಯುವ ಆ ಘಟ್ಟದ ಅಂಚಿನಿಂದ ಸ್ವಲ್ಪ ಈಚೆಗೆ, ತೀರ್ಥಹಳ್ಳಿ ಸೀಮೆಯಲ್ಲಿ ನನ್ನ ಸೋದರಮಾವನ ಕಮ್ಮಾರಸಾಲೆ ಇದೆ. ಜೂನ್ ಕಳೆಯಿತೆಂದರೆ ಅಟ್ಟದ ಮೇಲಿಟ್ಟ ಇದ್ದಿಲ ಚೀಲವೂ ತೇವ ಕುಡಿಯುತ್ತದೆ. ಅಂಥ ಇದ್ದಿಲು ಚಟಪಟ ಸಿಡಿಯುತ್ತ, ಹೊಗೆಯಾಡುತ್ತ, ಮೊದಲ ಕಾವನ್ನೆಲ್ಲ ತನ್ನ ಮೈ ಒಣಗಿಸಿಕೊಳ್ಳುವುದಕ್ಕೇ ಖರ್ಚು ಮಾಡುತ್ತದೆ.

ಒಂದು ಕಾಲದಲ್ಲಿ ಭದ್ರಾವತಿಯ ಕಾರ್ಖಾನೆಯೇ ಮಲೆನಾಡಿನ ಮರದ ಇದ್ದಿಲಿನಿಂದ ಕಬ್ಬಿಣ ಕರಗಿಸುತ್ತಿತ್ತು. 1923ರಲ್ಲಿ ಕೆಲಸ ಆರಂಭಿಸಿದ ಅಲ್ಲಿನ ಊದುಕುಲುಮೆಗೆ ಇದ್ದಿಲೇ ಆಹಾರ. ಈಗ ಒಂದು ಚೀಲ ತಂದರೂ ಎಲ್ಲಿಂದ ತಂದೆ ಎಂದು ಕೇಳುವವರಿದ್ದಾರೆ. ಮಾವ ತೆಂಗಿನ ಕರಟ ಸುಟ್ಟು ಹೇಗೋ ಸುಧಾರಿಸುತ್ತಿದ್ದರು.

ನಾನು ಶಿವಮೊಗ್ಗದಲ್ಲಿ ಗ್ರಿಲ್ ಕೆಲಸ ಮಾಡುವವನು. ಮನೆತನದ ಸುತ್ತಿಗೆ ಬಿಟ್ಟು ವೆಲ್ಡಿಂಗ್ ಹಿಡಿದವನೆಂದು ಮಾವನಿಗೆ ಒಳಗೊಳಗೇ ಅಸಮಾಧಾನ. ಗ್ಯಾಸಿನ ಕುಲುಮೆ ಮಾಡಿಕೊಡುತ್ತೇನೆ ಎಂದಾಗ ಅವರು ಕೇಳಿದ್ದು ಒಂದೇ: "ಅನ್ನ ಬೇಯಿಸುವ ಬೆಂಕಿಯಲ್ಲಿ ಕಬ್ಬಿಣ ಬೇಯುತ್ತದೆಯೇ, ಮಾರಾಯ?"

ಅಡುಗೆಮನೆಯ ಒಲೆಯಲ್ಲಂತೂ ಬೇಯುವುದಿಲ್ಲ. ಮನೆಯ ರೆಗ್ಯುಲೇಟರ್ ಬಿಡುವ ಒತ್ತಡ 30 ಮಿಲಿಬಾರ್ ಆಸುಪಾಸು. ಕುಲುಮೆಯ ಬರ್ನರಿಗೆ ಅದರ ಹತ್ತಾರು ಪಟ್ಟು ಬೇಕು. ಆದ್ದರಿಂದ ತಿರುಪು ತಿರುಗಿಸಿ ಒತ್ತಡ ಹೊಂದಿಸುವ ಬೇರೆ ರೆಗ್ಯುಲೇಟರ್, ಅದಕ್ಕೆ ತಕ್ಕ ಗಟ್ಟಿ ಕೊಳವೆ, 19 ಕೆ.ಜಿ.ಯ ವಾಣಿಜ್ಯ ಸಿಲಿಂಡರ್ ತಂದೆ. ಅಡುಗೆಮನೆಯ ಸಿಲಿಂಡರನ್ನು ಕೆಲಸಕ್ಕೆ ಬಳಸಲು ಕಾನೂನು ಬಿಡುವುದಿಲ್ಲ. ಅತ್ತೆ ಕಾನೂನಿಗಿಂತಲೂ ಬಿಗಿ.

ಉಳಿದದ್ದು ಮುಕ್ಕಾಲು ಇಂಚಿನ ಕಪ್ಪು ಪೈಪಿನ ಗೇಣುದ್ದದ ತುಂಡು, ಅದರ ಹಿಂದಕ್ಕೆ ಒಂದೂವರೆ ಇಂಚಿನಿಂದ ಮುಕ್ಕಾಲಿಗೆ ಇಳಿಯುವ ರೆಡ್ಯೂಸರ್, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಮಿಗ್ ವೆಲ್ಡಿಂಗಿನ ಒಂದು ತಾಮ್ರದ ಟಿಪ್. 0.8 ಮಿಲಿಮೀಟರ್ ತಂತಿ ಹಾಯುವಷ್ಟೇ ಅದರ ತೂತು. ಅಲ್ಲಿಂದ ರಭಸವಾಗಿ ನುಗ್ಗುವ ಅನಿಲ ರೆಡ್ಯೂಸರಿನ ಅಗಲ ಬಾಯಿಯಿಂದ ಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ. ತಿದಿಯೂ ಬೇಡ, ಬ್ಲೋವರೂ ಬೇಡ. ಒಂದು ಪಾಲು ಪ್ರೊಪೇನ್ ಪೂರ್ತಿ ಉರಿಯಲು ಸುಮಾರು 24 ಪಾಲು ಗಾಳಿ ಬೇಕು, ಬ್ಯೂಟೇನಿಗೆ 31. ನಮ್ಮ ಸಿಲಿಂಡರಿನಲ್ಲಿರುವುದು ಎರಡರ ಮಿಶ್ರಣ. ಅಂದರೆ ಗ್ಯಾಸ್ ಬರ್ನರ್ ಎನ್ನುವುದು ಹೆಸರಿಗೆ ಮಾತ್ರ. ಅದರ ಕೆಲಸವೆಲ್ಲ ಗಾಳಿ ಹೊಂದಿಸುವುದೇ. ಟಿಪ್ ಪೈಪಿನ ನಡುಗೆರೆಯಿಂದ ಕೂದಲೆಳೆಯಷ್ಟು ವಾಲಿದರೂ ಜ್ವಾಲೆ ಒಂದು ಮಗ್ಗುಲಿಗೆ ಸೊಟ್ಟಗಾಗುತ್ತದೆ. ಕುಲುಮೆಯ ಕಡೆಗಿರುವ ತುದಿಗೆ ಸತು ಲೇಪಿಸಿದ ಜಿ.ಐ. ಪೈಪ್ ಹಾಕಲೇಬಾರದು. ಕಾದಾಗ ಅದರ ಸತು ಹೊಗೆಯಾಗಿ ಏಳುತ್ತದೆ, ಆ ಹೊಗೆ ಕುಡಿದ ವೆಲ್ಡರಿಗೆ ರಾತ್ರಿ ಚಳಿಜ್ವರ ಖಚಿತ.

ಕುಲುಮೆಯ ಮೈ ಎಂಟು ಇಂಚಿನ ದಪ್ಪ ಪೈಪಿನ ತುಂಡು. ಒಳಗೆ 1260 ಡಿಗ್ರಿ ತಡೆಯುವ ಸೆರಾಮಿಕ್ ಉಣ್ಣೆಯ ಎರಡು ಪದರ, ಅದರ ಮೇಲೆ ಬೆಂಕಿಮಣ್ಣಿನ ಲೇಪ. ಲೇಪ ಹಾಕದೆ ಬಿಟ್ಟರೆ ಆ ಉಣ್ಣೆಯ ಎಳೆಗಳು ಗಾಳಿಗೆ ಹಾರಿ ಶ್ವಾಸಕೋಶ ಸೇರುತ್ತವೆ.

ಗಣಪತಿ ಹಬ್ಬ ಕಳೆದ ಒಂದು ಭಾನುವಾರ ಎಲ್ಲವನ್ನೂ ಜೋಡಿಸಿದೆ. ಅಡಿಕೆ ಕೊಯ್ಲು ಹತ್ತಿರವಾಗುತ್ತಿತ್ತು. ಹದ ಹಾಕಲು ಬಂದ, ಅಡಿಕೆ ಸುಲಿಯುವ ಮೆಟ್ಟುಗತ್ತಿಗಳು ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಎರಡು ಕಡೆ ಗೋಡೆಯಿಲ್ಲದ ಸಾಲೆಯಾದ್ದರಿಂದ ವಿಷಗಾಳಿ ನಿಲ್ಲುವ ಭಯವಿರಲಿಲ್ಲ. ಆದರೂ ಈ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ತಗ್ಗಿನಲ್ಲಿ ಕೂರುತ್ತದೆ ಎಂದು ಸಿಲಿಂಡರನ್ನು ದೂರ, ಹೊರಗಿನ ಜಗುಲಿಯಲ್ಲಿಟ್ಟೆ. ಸೋಪಿನ ನೊರೆ ಹಚ್ಚಿ ಎಲ್ಲ ಜೋಡಣೆ ನೋಡಿದೆ. ಉರಿಯುವ ಕಾಗದ ಒಳಗಿಟ್ಟು, ಬಾಯಿಯ ಎದುರಿನಿಂದ ಸರಿದು ನಿಂತು, ಆಮೇಲೆ ವಾಲ್ವ್ ತಿರುಗಿಸಿದೆ.

ಮೊದಲು ಹಳದಿ ನಾಲಗೆಗಳು. ಒತ್ತಡ ಇಳಿಸಿದಾಗ 'ಪಟ್' ಎಂದು ಬೆಂಕಿ ಪೈಪಿನೊಳಕ್ಕೇ ಹಿಮ್ಮೆಟ್ಟಿತು. ಮಿಶ್ರಣ ಹೊರಡುವ ವೇಗ ಜ್ವಾಲೆಯ ವೇಗಕ್ಕಿಂತ ಕಡಿಮೆಯಾದರೆ ಹೀಗೇ ಆಗುವುದು. ಮಾವ ಕಣ್ಣು ಮುಚ್ಚಿ ಸದ್ದು ಆಲಿಸುತ್ತಿದ್ದರು. "ಇದಕ್ಕೆ ಉಸಿರು ಸಾಲುತ್ತಿಲ್ಲ" ಎಂದರು. ಬೆಲೆಬಾಳುವ ರೋಗನಿರ್ಣಯ! ಟಿಪ್ಪನ್ನು ತುಸು ಹಿಂದಕ್ಕೆಳೆದು ಗಾಳಿಯ ದಾರಿ ತೆರೆದು ಒತ್ತಡ ಏರಿಸಿದೆ. ತುಂಬಿದ ಲಾರಿ ಘಾಟಿ ಹತ್ತುವಂಥ ಸದ್ದು ಹೊರಟಿತು. ಸ್ವಲ್ಪ ಹೊತ್ತಿಗೆ ಒಳಗೋಡೆ ಕಿತ್ತಳೆಗೆ ತಿರುಗಿತು.

ಲಾರಿಯ ಸ್ಪ್ರಿಂಗ್ ಪ್ಲೇಟಿನಿಂದ ತಟ್ಟಿದ ಅಲಗು ಒಳಗೆ ಹೋಯಿತು. ಮೊದಲ ಅಲಗಿನ ಮೇಲೆ ದಪ್ಪ ಹಕ್ಕಳೆ ಎದ್ದದ್ದನ್ನು ಕಂಡು ಮಾವ ಮುಖ ಸಿಂಡರಿಸಿದರು. ಗಾಳಿ ಹೆಚ್ಚಾದರೆ ಕಬ್ಬಿಣವೇ ಉರಿಯತೊಡಗುತ್ತದೆ. ಬಾಯಿಂದ ಸಣ್ಣ ಜ್ವಾಲೆ ಹೊರಗೆ ಸುಳಿಯುವಷ್ಟು ಗಾಳಿ ತಗ್ಗಿಸಿದ ಮೇಲೆ ಮೈ ನುಣುಪಾಗಿ ಬಂತು. ಹದಕ್ಕೆ ನಾನು ಆಯಸ್ಕಾಂತ ತಂದಿದ್ದೆ. ಸುಮಾರು 770 ಡಿಗ್ರಿಯಲ್ಲಿ ಉಕ್ಕು ಅದಕ್ಕೆ ಅಂಟುವುದನ್ನು ಬಿಡುತ್ತದೆ, ಅದಕ್ಕಿಂತ ತುಸು ಮೇಲೆ ಎಣ್ಣೆಗೆ ಅದ್ದಬೇಕು. ಮಾವ ಮಬ್ಬುಗತ್ತಲಲ್ಲಿ ಬಣ್ಣ ನೋಡಿಯೇ "ಸಾಕು" ಎನ್ನುತ್ತಿದ್ದರು, ನಾನು ಆಯಸ್ಕಾಂತ ಹಿಡಿದರೆ ಅದು ಅಂಟುತ್ತಿರಲಿಲ್ಲ. ಆಯಸ್ಕಾಂತ ತಮ್ಮ ಮಾತನ್ನು ಒಪ್ಪಿದ್ದರಲ್ಲಿ ಅವರಿಗೆ ವಿಶೇಷವೇನೂ ಕಾಣಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬೆಂಕಿ ಸೊರಗಿತು. ಹೊರಗೆ ನೋಡಿದರೆ ಸಿಲಿಂಡರಿನ ಕೆಳಭಾಗಕ್ಕೆ ಬಿಳಿ ಹಿಮ! ದ್ರವ ಆವಿಯಾಗುವಾಗ ಸಿಲಿಂಡರಿನ ಕಾವನ್ನೇ ಹೀರುತ್ತದೆ, ತಣ್ಣಗಾದಂತೆ ಒತ್ತಡ ಕುಸಿಯುತ್ತದೆ. ಅಗಲ ಬಾನಿಯಲ್ಲಿ ಬಾವಿ ನೀರು ತುಂಬಿಸಿ ಅದರಲ್ಲಿ ನಿಲ್ಲಿಸಿದ ಮೇಲೆ ಸದ್ದು ಮತ್ತೆ ಗಟ್ಟಿಯಾಯಿತು.

ಸಂಜೆಯೊಳಗೆ ಮೆಟ್ಟುಗತ್ತಿಗಳ ರಾಶಿ ಕರಗಿತ್ತು. ಆದರೆ ಒಬ್ಬರು ಪಿಕಾಸಿ ಮೊನೆ ಮಾಡಿಸಲು ಬಂದಾಗ ಮಾವ ಹಳೆಯ ಕುಲುಮೆಗೇ ಹೋದರು. ಇದ್ದಿಲು ಬೇಕಾದ ಜಾಗವನ್ನಷ್ಟೇ ಕಾಯಿಸುತ್ತದೆ. ಗ್ಯಾಸು ಒಳಗೆ ಹೋದದ್ದನ್ನೆಲ್ಲ ಕಾಯಿಸುತ್ತದೆ, ಪಿಕಾಸಿಯ ಹಿಡಿ ಕೂರುವ ಕಣ್ಣನ್ನೂ ಸೇರಿಸಿ. ಜೊತೆಗೆ ಅಗಲದ ಪಿಕಾಸಿ ಆ ಬಾಯಿಯಲ್ಲಿ ಹಿಡಿಸುವುದೂ ಇಲ್ಲ. ಅವರ ವಾದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಉದ್ದನೆಯ ಹಾರೆಗಾಗಿ ಮಾತ್ರ ಹಿಂಬದಿಗೆ ಒಂದು ಕಿಂಡಿ ಕೊರೆದುಕೊಟ್ಟೆ. ಒಣ ಇದ್ದಿಲು ಪಿಕಾಸಿಗೆ ಮೀಸಲು, ಅಲಗುಗಳಿಗೆ ಗ್ಯಾಸು ಎಂದು ಮಾವ ಕೆಲಸ ಹಂಚಿಕೊಂಡಿದ್ದಾರೆ.

ಬಸ್ಸಿಗೆ ಹೊರಟಾಗ ಅವರು ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಚೌಕ ಗೀಚಿ ತೋರಿಸಿದರು. "ಮುಂದಿನ ಸಲ ಇಷ್ಟೇ ಬಾಯಿಯದು ಮಾಡು. ಹುಲ್ಲುಗತ್ತಿಗೆ ಇಷ್ಟು ದೊಡ್ಡದು ದಂಡ, ಗ್ಯಾಸಿಗೆ ದುಡ್ಡು ಕೊಡುವವನು ನಾನಲ್ಲವೇ?" ಅದಕ್ಕೆ ಅರ್ಧ ಇಂಚಿನ ಪೈಪು, 0.6ರ ಟಿಪ್ಪು ಸಾಕು ಎಂಬ ಲೆಕ್ಕಾಚಾರ ಬಸ್ಸಿನಲ್ಲೇ ಶುರುವಾಯಿತು.