ನೀವು ಗೆದ್ದಿರಂತೆ, ಸಾರ್

ಕಳೆದ ಭಾನುವಾರದಿಂದ ಒಂದು ವಾಕ್ಯ ನನ್ನ ಕಿವಿ ಬಿಟ್ಟು ಕದಲಿಲ್ಲ. ಅದನ್ನು ಹೇಳಿದವರು ಆಗಷ್ಟೇ ಓಟ ಮುಗಿಸಿ ಏದುಸಿರು ಬಿಡುತ್ತಿದ್ದರು. ಕಪ್ಪು ಕಣ್ಣುಪಟ್ಟಿಯನ್ನು ಹಣೆಯ ಮೇಲಕ್ಕೆ ಸರಿಸಿ, ಮುಖವನ್ನು ನನ್ನ ಭುಜದ ಆಚೆಗೆಲ್ಲೋ ತಿರುಗಿಸಿಕೊಂಡು, ಸಿಟ್ಟಾಗಲಿ ಅಳುವಾಗಲಿ ಇಲ್ಲದ ದನಿಯಲ್ಲಿ ಹೇಳಿದರು: "ನೀವು ಗೆದ್ದಿರಂತೆ, ಸಾರ್." ನಮ್ಮಿಬ್ಬರ ಕೈಗಳ ನಡುವಿನ ದಾರದ ಕುಣಿಕೆಯಿಂದ ನಾನಿನ್ನೂ ಬೆರಳು ಬಿಡಿಸಿಕೊಂಡಿರಲಿಲ್ಲ.

ಓಟ 1500 ಮೀಟರಿನದು, ಪುರುಷರ ಟಿ11 ವಿಭಾಗ, ಅಂದರೆ ದೃಷ್ಟಿ ಇಲ್ಲದ ಅಥವಾ ಇಲ್ಲವೆನ್ನುವಷ್ಟೇ ಇರುವವರದು. ಬೆಳಕಿನ ನೆರಳು ಕಾಣುವವರಿಗೂ ಏನೂ ಕಾಣದವರಿಗೂ ನಡುವೆ ವ್ಯತ್ಯಾಸ ಉಳಿಯಬಾರದೆಂದು ಎಲ್ಲರೂ ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಓಡಬೇಕು. ಜೊತೆಗೆ ಗೈಡ್ ಒಬ್ಬ ಇರುತ್ತಾನೆ. ಭಾನುವಾರದ ಮಟ್ಟಿಗೆ ಆ ಗೈಡ್ ನಾನು. ನಿಯಮಗಳು ಹೆಚ್ಚಿಲ್ಲ. ದಾರ ಎಳೆದರೆ ಹಿಗ್ಗುವಂಥದ್ದಾಗಿರಬಾರದು, ಗೈಡ್ ಓಟಗಾರನನ್ನು ಎಳೆಯಬಾರದು, ತಳ್ಳಬಾರದು. ಕೊನೆಯದು, ಗೆರೆಯನ್ನು ಓಟಗಾರ ಮೊದಲು ದಾಟಬೇಕು, ಗೈಡ್ ಆಮೇಲೆ. ಇವೆಲ್ಲ ನನಗೆ ಬಾಯಿಪಾಠವಾಗಿದ್ದವು. ನಾಲ್ಕು ತಿಂಗಳಿಂದ ವಾರಕ್ಕೆ ಮೂರು ಬೆಳಗ್ಗೆ ನಾವಿಬ್ಬರೂ ಜಿಲ್ಲಾ ಕ್ರೀಡಾಂಗಣದ ಮಣ್ಣಿನ ಟ್ರ್ಯಾಕ್‌ನಲ್ಲಿ ಒಟ್ಟಿಗೆ ಓಡಿದ್ದೆವು. ಮನೆಯಲ್ಲಿ ಯಾರಾದರೂ ಕೇಳಿದರೆ "ಒಬ್ಬ ಹುಡುಗನಿಗೆ ಸಹಾಯ ಮಾಡ್ತಿದ್ದೀನಿ" ಎನ್ನುತ್ತಿದ್ದೆ. ಆ ಹುಡುಗನಿಗೆ ಇಪ್ಪತ್ತಾರು ವರ್ಷ, ಬಿ.ಎಡ್. ಓದುತ್ತಿದ್ದಾರೆ, ಮತ್ತು 1500 ಮೀಟರನ್ನು ನನಗಿಂತ ಬುದ್ಧಿವಂತಿಕೆಯಿಂದ ಓಡುತ್ತಾರೆ.

ಹೊರಗಿನಿಂದ ನೋಡುವವರಿಗೆ ಗೈಡ್‌ನ ಕೆಲಸ ಕೈ ಹಿಡಿದು ರಸ್ತೆ ದಾಟಿಸುವುದರ ಇನ್ನೊಂದು ರೂಪದಂತೆ ಕಾಣಬಹುದು. ನಮ್ಮ ಜೋಡಿಯಲ್ಲಿ ಅವರು ಒಳಗಡೆ, ನಾನು ಹೊರಗಡೆ. ತಿರುವಿನಲ್ಲಿ ಹೊರಗಿನವನ ದಾರಿ ಉದ್ದ. ನಮ್ಮಿಬ್ಬರ ನಡುವೆ ಮುಕ್ಕಾಲು ಮೀಟರಿನಷ್ಟು ಅಂತರವಿದೆ ಎಂದುಕೊಂಡರೆ ಒಂದೊಂದು ಅರ್ಧಸುತ್ತಿಗೂ ನಾನು ಎರಡು ಮೀಟರಿಗಿಂತ ಹೆಚ್ಚು ಓಡಬೇಕು; ಮೂರೂ ಮುಕ್ಕಾಲು ಸುತ್ತಿನಲ್ಲಿ ಅಂಥ ಏಳು ತಿರುವುಗಳಿವೆ. ಅವರು 1500 ಮೀಟರ್ ಓಡಿದಾಗ ನಾನು ಸುಮಾರು 1515 ಮೀಟರ್ ಓಡಿರುತ್ತೇನೆ, ಅದೂ ಮಾತಾಡಿಕೊಂಡು. "ತಿರುವು ಬಂತು", "ನೇರ", "ಮುಂದೆ ಇಬ್ಬರು", "ಹೊರಗೆ ಬನ್ನಿ", "ಮುನ್ನೂರು ಉಳಿದಿದೆ". ಏದುಸಿರಿನ ನಡುವೆ ಇಷ್ಟನ್ನೂ ಸ್ಪಷ್ಟವಾಗಿ ಹೇಳಬೇಕಾದರೆ ಆ ವೇಗ ಗೈಡ್‌ಗೆ ಏನೂ ಅನ್ನಿಸದಂತಿರಬೇಕು. ನನಗೆ ನಲವತ್ತೊಂದು ವರ್ಷ. ಆ ವೇಗ ನನಗೆ ಸಾಕಷ್ಟು ಅನ್ನಿಸುತ್ತದೆ.

ಭಾನುವಾರ ಐದು ಜೋಡಿಗಳಿದ್ದವು. ಗಂಟೆ ಬಾರಿಸಿದಾಗ ನಾವು ಮೂರನೆಯವರು. ಮುನ್ನೂರು ಮೀಟರ್ ಉಳಿದಿರುವಾಗ ಅವರೇ "ಈಗ" ಎಂದರು, ನನ್ನನ್ನು ಕೇಳಲಿಲ್ಲ. ಹಿಂದಿನ ನೇರ ಓಟದಲ್ಲಿ ಎರಡನೆಯ ಜೋಡಿಯನ್ನು ಹೊರಗಿನಿಂದ ದಾಟಿದೆವು. ಮೊದಲನೆಯವರು ಕೈಗೆಟುಕುವಂತಿರಲಿಲ್ಲ, ಎರಡನೆಯ ಸ್ಥಾನ ಖಚಿತವಾಗಿತ್ತು. ಆಮೇಲಿನ ಎಂಬತ್ತು ಮೀಟರನ್ನು ನಾನು ಈ ವಾರದಲ್ಲಿ ಎಷ್ಟು ಸಲ ಓಡಿದ್ದೇನೋ ಲೆಕ್ಕವಿಲ್ಲ. ಸುಣ್ಣದ ಗೆರೆ ಕಾಣುತ್ತಿತ್ತು. ಬಲಗಡೆಯಿಂದ, ನಾವು ದಾಟಿ ಬಂದಿದ್ದ ಜೋಡಿಯ ಹೆಜ್ಜೆಯ ಸದ್ದು ಮತ್ತೆ ಹತ್ತಿರವಾಗತೊಡಗಿತು. ಕೆಂಪು ಬನಿಯನ್ನಿನ ಒಂದು ತುಣುಕು ನನ್ನ ಕಣ್ಣಂಚಿಗೆ ಬಂತು. ಕಾಲೇಜಿನ ದಿನಗಳಲ್ಲಿ ನಾನು 800 ಮೀಟರ್ ಓಡುತ್ತಿದ್ದೆ. ಗೆರೆಯ ಬಳಿ ಎದೆಯನ್ನು ಮುಂದಕ್ಕೆ ಒಡ್ಡುವುದನ್ನು ಆಗಿನ ಪಿ.ಟಿ. ಮೇಷ್ಟ್ರು ಬೈದು ಬೈದು ಕಲಿಸಿದ್ದರು. ಇಪ್ಪತ್ತು ವರ್ಷದ ಹಿಂದಿನ ಆ ಪಾಠ, ಅರ್ಧ ಹೆಜ್ಜೆ ಹಿಂದೆ ಸರಿಯಬೇಕಾದ ಆ ಒಂದೇ ಒಂದು ಗಳಿಗೆಯಲ್ಲಿ, ನನ್ನನ್ನು ಕೇಳದೆ ಬೆನ್ನಿನಲ್ಲಿ ಎದ್ದು ಕುಳಿತಿತು. ನಾನು ಎದೆ ಒಡ್ಡಿದೆ. ಗೆದ್ದೆ.

ಗೆರೆಯ ಬಳಿ ಕುಳಿತಿದ್ದ ತೀರ್ಪುಗಾರರು ಕೈಯೆತ್ತಿದರು. ಹೆಚ್ಚು ಮಾತಾಡದ, ಬಿಸಿಲಿಗೆ ಟವೆಲ್ ಸುತ್ತಿಕೊಂಡ ಹಿರಿಯರು ಅವರು. ನನ್ನ ಜೊತೆ ಬಂದಿದ್ದ ಇಬ್ಬರು ಗೆಳೆಯರು ಅವರ ಹತ್ತಿರ ಹೋಗಿ, "ಪಾಪ, ಕಣ್ಣು ಕಾಣದವರು, ಇಷ್ಟಕ್ಕೆಲ್ಲ ಅನರ್ಹ ಅಂತೀರಲ್ಲ" ಎಂದು ವಾದಿಸಿದರು. ಅವರು ಹೇಳಿದ್ದು ಒಂದೇ ಮಾತು: "ಕಣ್ಣು ಕಾಣೋರು ತಪ್ಪು ಮಾಡಿದ್ದಕ್ಕೇ ಅನರ್ಹ." ಗೆಳೆಯರಿಗೆ ಇದು ಅಧಿಕಾರದ ದರ್ಪವಾಗಿ ಕಂಡಿತು. ನನಗೆ ಇಡೀ ಮೈದಾನದಲ್ಲಿ ಆ ಓಟಗಾರರಿಗೆ ನಿಜವಾದ ಮರ್ಯಾದೆ ಕೊಟ್ಟವರು ಅವರೊಬ್ಬರೇ ಎಂದು ಅನ್ನಿಸಿದೆ, ಅವರ ತೀರ್ಪಿನಿಂದ ತಲೆ ತಗ್ಗಿಸಿದವನು ನಾನೇ ಆಗಿದ್ದರೂ. ಮೈಕಿನಲ್ಲಿದ್ದವರ ಕಥೆ ಬೇರೆ. ಅವರು ಬೆಳಗ್ಗೆಯಿಂದ ಯಾರು ಓಡುತ್ತಿದ್ದಾರೆ, ಎಷ್ಟು ಸಮಯ ತೆಗೆದುಕೊಂಡರು ಎಂಬುದನ್ನು ಒಂದು ಸಲವೂ ಹೇಳದೆ, "ನಮಗೆಲ್ಲ ಸ್ಫೂರ್ತಿ, ಜೋರಾಗಿ ಚಪ್ಪಾಳೆ" ಎಂದು ಕೂಗುತ್ತಲೇ ಇದ್ದರು. ಆ ಕೂಗಿನಲ್ಲಿ ನನ್ನ ಮಾತು ನನ್ನ ಜೊತೆಗಾರರಿಗೆ ಎರಡು ಸಲ ಕೇಳಿಸಲೇ ಇಲ್ಲ. ಕಿವಿಯಿಂದ ಓಡುವವರ ಓಟದಲ್ಲಿ ಪ್ರೇಕ್ಷಕರ ಮೌನವೇ ಹೆಚ್ಚಿನ ಸಹಾಯ ಎಂದು ಅವರಿಗೆ ಹೇಳುವವರು ಯಾರು?

ಅಂದು ಸಂಜೆ ಸಮಾಧಾನಕ್ಕೆಂದು ಸಹೋದ್ಯೋಗಿಯೊಬ್ಬರು ವಾಟ್ಸಾಪ್‌ನಲ್ಲಿ ಒಂದು ಸಂದೇಶ ಕಳಿಸಿದರು. ರಿಯೊದಲ್ಲಿ ಅಂಧರು ಒಲಿಂಪಿಕ್ಸ್ ಚಾಂಪಿಯನ್‌ಗಿಂತ ವೇಗವಾಗಿ ಓಡಿದರು ಎಂಬ, ಪ್ರತಿ ವರ್ಷ ಒಂದು ಸಲವಾದರೂ ಎಲ್ಲರ ಫೋನಿಗೂ ಬಂದು ಹೋಗುವ ಸಂದೇಶ ಅದು. ಅಂಕಿಗಳು ಸುಳ್ಳಲ್ಲ. 2016ರ ಸೆಪ್ಟೆಂಬರ್‌ನಲ್ಲಿ ರಿಯೊ ಪ್ಯಾರಾಲಿಂಪಿಕ್ಸ್‌ನ 1500 ಮೀಟರ್ ಟಿ13 ಫೈನಲ್‌ನಲ್ಲಿ ಅಲ್ಜೀರಿಯಾದ ಅಬ್ದೆಲ್ಲತೀಫ್ ಬಾಕಾ 3 ನಿಮಿಷ 48.29 ಸೆಕೆಂಡುಗಳ ವಿಶ್ವದಾಖಲೆಯೊಂದಿಗೆ ಗೆದ್ದರು. ಅವರ ಹಿಂದೆ ಬಂದ ಮೂವರೂ, ಅದಕ್ಕೆ ಕೆಲವೇ ವಾರಗಳ ಮುಂಚೆ ಅದೇ ಊರಿನಲ್ಲಿ ಒಲಿಂಪಿಕ್ಸ್ ಚಿನ್ನ ಗೆದ್ದಿದ್ದ ಅಮೆರಿಕದ ಮ್ಯಾಥ್ಯೂ ಸೆಂಟ್ರೊವಿಟ್ಜ್ ಅವರ 3 ನಿಮಿಷ 50.00 ಸೆಕೆಂಡಿಗಿಂತ ಬೇಗ ಗೆರೆ ದಾಟಿದರು. ಆದರೆ ಟಿ13ರಲ್ಲಿ ಓಡುವವರಿಗೆ ಸ್ವಲ್ಪ ದೃಷ್ಟಿ ಇರುತ್ತದೆ, ಅವರು ಗೈಡ್ ಇಲ್ಲದೆಯೇ ಓಡುತ್ತಾರೆ. ಇನ್ನು ಆ ಒಲಿಂಪಿಕ್ಸ್ ಫೈನಲ್ ಒಬ್ಬರನ್ನೊಬ್ಬರು ಕಾಯುತ್ತಾ ಓಡಿದ, ಕೊನೆಯ ಸುತ್ತಿಗಾಗಿ ಶಕ್ತಿ ಉಳಿಸಿಕೊಂಡ ನಿಧಾನದ ಓಟವಾಗಿತ್ತು. 1500 ಮೀಟರಿನ ವಿಶ್ವದಾಖಲೆ 1998ರಿಂದಲೂ ಮೊರಾಕ್ಕೊದ ಹಿಶಾಮ್ ಎಲ್ ಗೆರೂಜ್ ಅವರ 3 ನಿಮಿಷ 26.00 ಸೆಕೆಂಡು ಎಂಬುದನ್ನು ನೆನೆದರೆ ಆ ಹೋಲಿಕೆ ಎಷ್ಟು ಪೊಳ್ಳು ಎಂದು ತಿಳಿಯುತ್ತದೆ.

ನನ್ನನ್ನು ಕೆಣಕುವ ಸಂಗತಿ ಆ ಸಂದೇಶದಲ್ಲಿ ಇರುವುದೇ ಇಲ್ಲ. ಅಂದು ನಾಲ್ಕನೆಯವರಾಗಿ ಬಂದವರು ಫುಆದ್ ಬಾಕಾ, ಗೆದ್ದವರ ಸಹೋದರ. 3 ನಿಮಿಷ 49.84 ಸೆಕೆಂಡು ಓಡಿಯೂ ಅವರಿಗೆ ಪದಕ ಸಿಗಲಿಲ್ಲ. ಒಂದೇ ಮನೆಯ ಇಬ್ಬರಲ್ಲಿ ಒಬ್ಬ ಚಿನ್ನ ತೊಟ್ಟು, ಇನ್ನೊಬ್ಬ ಬರಿಗೈಯಲ್ಲಿ ಊರಿಗೆ ಹೋದ ಆ ಓಟವನ್ನು ಓಟವಾಗಿಯೇ ನೋಡಲು ನಮಗೇಕೆ ಮನಸ್ಸಾಗುವುದಿಲ್ಲ? ಕಣ್ಣಿದ್ದವರನ್ನು ಸೋಲಿಸಿದರು ಎಂದಾಗ ಮಾತ್ರ ಅದಕ್ಕೆ ಬೆಲೆ ಎಂಬಂತೆ ಏಕೆ ಹಂಚುತ್ತೇವೆ?

ರಾತ್ರಿ ನಿದ್ದೆ ಬಾರದೆ 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನ ಟಿ11 ಫೈನಲ್ ನೋಡಿದೆ. ಬ್ರೆಜಿಲ್‌ನ ಯೆಲ್ಟ್‌ಸಿನ್ ಜಾಕ್ಸ್ ಅಂದು 3 ನಿಮಿಷ 55.82 ಸೆಕೆಂಡುಗಳಲ್ಲಿ, ಟೋಕಿಯೊದಲ್ಲಿ ತಾವೇ ಬರೆದಿದ್ದ 3 ನಿಮಿಷ 57.60 ಸೆಕೆಂಡುಗಳ ವಿಶ್ವದಾಖಲೆಯನ್ನು ಮುರಿದರು. ಕಣ್ಣು ಕಟ್ಟಿಕೊಂಡು ಒಂದೊಂದು ಸುತ್ತಿಗೂ 63 ಸೆಕೆಂಡಿಗಿಂತ ಕಡಿಮೆ. ಆದರೆ ಆ ರಾತ್ರಿ ನಾನು ಅವರನ್ನು ನೋಡಲಿಲ್ಲ. ಪಕ್ಕದಲ್ಲಿದ್ದ ಗೈಡ್‌ನ ಪಾದಗಳನ್ನು ನೋಡಿದೆ. ನಮ್ಮವರೇ ಆದ ಅಂಕುರ್ ಧಾಮಾ 2023ರ ಅಕ್ಟೋಬರ್‌ನಲ್ಲಿ ಹಾಂಗ್‌ಝೌ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ 5000 ಮತ್ತು 1500 ಮೀಟರ್ ಎರಡರಲ್ಲೂ ಚಿನ್ನ ಗೆದ್ದಾಗಲೂ, ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು ಅದೇ ಕೂಟದ ಮಹಿಳೆಯರ 1500 ಮೀಟರಿನಲ್ಲಿ ಗೆದ್ದಾಗಲೂ ಪಕ್ಕದಲ್ಲಿ ಒಬ್ಬ ಗೈಡ್ ಇದ್ದ, ಆ ಕೊನೆಯ ಅರ್ಧ ಹೆಜ್ಜೆಯನ್ನು ಬಿಟ್ಟುಕೊಟ್ಟಿದ್ದ. ನಾನು ಬಿಟ್ಟುಕೊಡಲಿಲ್ಲ.

ಅಂದು ಬಸ್ಸಿನಲ್ಲಿ ಮರಳುವಾಗ ಇನ್ನೊಂದು ನಡೆಯಿತು. ಕಂಡಕ್ಟರ್ ನಮ್ಮ ಸೀಟಿನ ಬಳಿ ಬಂದು, ಕಿಟಕಿಯ ಪಕ್ಕ ಕುಳಿತಿದ್ದ ಅವರತ್ತ ಗಲ್ಲ ತೋರಿಸಿ, ನನ್ನನ್ನು ಕೇಳಿದ: "ಇವರು ಎಲ್ಲಿ ಇಳೀತಾರೆ?" ಅವರ ತುಟಿ ಅಲುಗುವಷ್ಟರಲ್ಲಿ ನಾನು ಸ್ಟಾಪಿನ ಹೆಸರು ಹೇಳಿಬಿಟ್ಟಿದ್ದೆ. ಹೇಳಿದ ಮೇಲೆ ತಿಳಿಯಿತು. ಅವರು ಏನೂ ಅನ್ನಲಿಲ್ಲ. ಜೇಬಿನಿಂದ ಪಾಸು ತೆಗೆದು, ಕಂಡಕ್ಟರ್‌ನ ದನಿ ಬಂದ ದಿಕ್ಕಿಗೆ ಚಾಚಿ, ತಾವು ಇಳಿಯುವ ಸ್ಟಾಪಿನ ಹೆಸರನ್ನು ಮತ್ತೊಮ್ಮೆ, ನಾನು ಹೇಳಿಯೇ ಇಲ್ಲವೇನೋ ಎಂಬಂತೆ, ತಾವೇ ಹೇಳಿದರು. ಕಂಡಕ್ಟರ್‌ನನ್ನು ಬೈದುಕೊಳ್ಳುವುದು ಸುಲಭ. ಆದರೆ ಅವನು ಪ್ರಶ್ನೆಯನ್ನು ತಪ್ಪು ವಿಳಾಸಕ್ಕೆ ಕಳಿಸಿದ, ಅಷ್ಟೇ; ಬಾಗಿಲು ತೆರೆದು ಅದನ್ನು ಪಡೆದುಕೊಂಡವನು ನಾನು. ಬ್ಯಾಂಕಿನಲ್ಲಿ, ಹೋಟೆಲಿನಲ್ಲಿ, ಅರ್ಜಿ ತುಂಬುವಲ್ಲಿ ನಾಲ್ಕು ತಿಂಗಳಲ್ಲಿ ಹೀಗೆ ಇನ್ನೆಷ್ಟು ಸಲ ನಡೆದಿರಬಹುದು? ಅಲ್ಲೆಲ್ಲ ಸುಣ್ಣದ ಗೆರೆಯೂ ಇರಲಿಲ್ಲ, ಟವೆಲ್ ಸುತ್ತಿಕೊಂಡ ತೀರ್ಪುಗಾರರೂ ಇರಲಿಲ್ಲ.

"ನೀವು ಗೆದ್ದಿರಂತೆ, ಸಾರ್." ಮೊದಲೆರಡು ದಿನ ನನ್ನ ಮನಸ್ಸು ಸಿಕ್ಕಿಕೊಂಡಿದ್ದು 'ಗೆದ್ದಿರಿ' ಎಂಬಲ್ಲಿ. ಆಮೇಲೆ 'ಅಂತೆ' ಕಾಡತೊಡಗಿತು. ತಾನು ಕಾಣದ್ದನ್ನು, ಬೇರೆಯವರಿಂದ ಕೇಳಿದ್ದನ್ನು ಹೇಳುವಾಗ ನಾವು ಸೇರಿಸುವ ಮಾತು ಅದು: ಊರಲ್ಲಿ ಮಳೆಯಂತೆ, ಅವರಿಗೆ ಮಗುವಾಯಿತಂತೆ. ತಾನೇ ಓಡಿ ಮುಗಿಸಿದ ಓಟದ ಫಲಿತಾಂಶವನ್ನು ಒಬ್ಬ ಮನುಷ್ಯ 'ಅಂತೆ' ಸೇರಿಸಿ ಹೇಳಬೇಕಾಯಿತಲ್ಲ ಎಂದು ನಾನು ಮರುಗುತ್ತಿದ್ದೆ, ಆ ಮರುಕದಲ್ಲಿ ನನಗೆ ಒಂದಿಷ್ಟು ಸುಖವೂ ಇತ್ತೆಂದು ಈಗ ಕಾಣುತ್ತದೆ. ಬುಧವಾರ ಬೆಳಗ್ಗೆ ಅಭ್ಯಾಸಕ್ಕೆ ಸೇರಿದಾಗ ಕ್ಷಮೆ ಕೇಳಿ, ಈ ಮಾತನ್ನೂ ಹೇಗೋ ಹೇಳಿದೆ. ಅವರು ಜೋರಾಗಿ ನಕ್ಕರು. "ಅವರು ಕೈ ಎತ್ತೋಕೆ ಮುಂಚೇನೇ ದಾರ ಹೇಳಿತ್ತು ಸಾರ್. ಕೊನೆ ಹೆಜ್ಜೇಲಿ ಮುಂದಕ್ಕೆ ಜಗ್ಗಿತು. 'ಅಂತೆ' ಅಂದಿದ್ದು ನಿಮಗೆ ಬೇಜಾರಾಗಬಾರದು ಅಂತ."

ಆಮೇಲೆ ಅವರೇ ಅಂದಿನ ಅಭ್ಯಾಸ ಏನೆಂದು ಹೇಳಿದರು: ಇಡೀ ಸುತ್ತು ಬೇಡ, ಕೊನೆಯ ಇಪ್ಪತ್ತು ಮೀಟರ್ ಮಾತ್ರ, ಪೂರ್ತಿ ವೇಗದಲ್ಲಿ, ಮತ್ತೆ ಮತ್ತೆ. ನಾನು ಕಾಲಿನಿಂದ ಮಣ್ಣಿನಲ್ಲಿ ಒಂದು ಗೆರೆ ಎಳೆದೆ. ಅವರು ಬಗ್ಗಿ ಬೆರಳಿನಿಂದ ಅದರ ಆಳ ಸವರಿ ನೋಡಿ, ಹೆಜ್ಜೆ ಎಣಿಸಿಕೊಂಡು ಹಿಂದಕ್ಕೆ ನಡೆದರು. ಹದಿನಾಲ್ಕು ಸಲ ಓಡಿದೆವು. ಮೂರು ಸಲ ನಾನೇ ಮುಂದಿದ್ದೆ ಎಂದು ಅವರು ಹೇಳಿದರು. ನಾನು ಕಣ್ಣಾರೆ ಕಂಡ ಲೆಕ್ಕದಲ್ಲಿ ಎರಡೇ. ಶುಕ್ರವಾರ ಮತ್ತೆ ಓಡುವುದೆಂದು ಮಾತಾಯಿತು.