ಪುರಿ ಕೊಡಿ, ಕುಂಕುಮ ಬೇಡ

"ಪುರಿ ಕೊಡಿ ಸಾರ್, ಕುಂಕುಮ ಬೇಡ."

"ಕುಂಕುಮ ಬೇಡ ಅಂದ್ರೆ ಪುರಿ ಮಾತ್ರ ಯಾಕಪ್ಪಾ?"

ಇಷ್ಟೇ ಮಾತು. ಆಡಿದವರು ಮರೆತೂ ಇರಬಹುದು. ನನ್ನ ಕಿವಿಯಿಂದ ಮಾತ್ರ ಈ ವಾರವೆಲ್ಲ ಹೋಗಿಲ್ಲ.

ಆಯುಧ ಪೂಜೆಗೆ ರಜೆ ಅಂತ ನಮ್ಮ ವರ್ಕ್‌ಶಾಪಿನಲ್ಲಿ ಹಿಂದಿನ ದಿನವೇ ಪೂಜೆ ಇಟ್ಟುಕೊಂಡಿದ್ದೆವು. ಪೀಣ್ಯದ ಕಡೆ ಕೆಲಸ ಮಾಡಿದವರಿಗೆ ಆ ದಿನದ ಸಡಗರ ಗೊತ್ತೇ ಇರುತ್ತೆ. ನನಗಂತೂ ವರ್ಷದಲ್ಲಿ ಇದಕ್ಕಿಂತ ಇಷ್ಟದ ಹಬ್ಬ ಇನ್ನೊಂದಿಲ್ಲ. ಮನೆ ಹಬ್ಬ ಅಂದರೆ ನಮಗೆ ಹೆಂಗಸರಿಗೆ ಒಲೆ ಮುಂದೆಯೇ ಮುಗಿದುಹೋಗುತ್ತೆ. ಇಲ್ಲಿ ಹಾಗಲ್ಲ. ದಿನಾ ಎಣ್ಣೆ ಮೆತ್ತಿಕೊಂಡಿರುವ ಲೇತ್‌ಗಳು ಅವತ್ತು ತಲೆಗೆ ಸ್ನಾನ ಮಾಡಿ ನಿಂತ ಮಕ್ಕಳ ಹಾಗೆ ಕಾಣುತ್ತವೆ. ಮೈಕ್ರೋಮೀಟರ್, ವರ್ನಿಯರ್, ಸ್ಪ್ಯಾನರ್ ಎಲ್ಲಾ ಕೆಂಪು ಬಟ್ಟೆಯ ಮೇಲೆ ಸಾಲಾಗಿ ಕೂತಿರುತ್ತವೆ. ನಾನು ಅಕೌಂಟ್ಸ್‌ನವಳಾದ್ದರಿಂದ ನನ್ನ ಕಂಪ್ಯೂಟರಿಗೂ ಒಂದು ಬೊಟ್ಟು. ಗೇಟಿಗೆ ಬಾಳೆಕಂದು, ವ್ಯಾನಿನ ಚಕ್ರದಡಿ ನಿಂಬೆಹಣ್ಣು, ಒಡೆಯೋಕೆ ಬೂದುಗುಂಬಳ. ಕೊನೆಗೆ ಎಲ್ಲರ ಕೈಗೂ ಒಂದೊಂದು ಕವರ್. ಅದರಲ್ಲಿ ಕಡ್ಲೆಪುರಿ, ಸಿಹಿ, ಬಾಳೆಹಣ್ಣು.

ನಮ್ಮಲ್ಲಿ ಎಲ್ಲರಿಗಿಂತ ಹಳಬರು ಒಬ್ಬ ಲೇತ್ ಆಪರೇಟರ್. ಎಲ್ಲರೂ ಭಾಯ್ ಅಂತಲೇ ಕರೆಯೋದು. ಅವತ್ತು ಬೆಳಗ್ಗೆಯಿಂದ ಮಷಿನ್ ತೊಳೆದವರಲ್ಲಿ ಅವರೇ ಮೊದಲು. ಬ್ರಷ್ ಹಿಡಿದು ಸಂದುಗೊಂದಿನ ಲೋಹದ ಚಿಪ್ಸ್ ಎಲ್ಲಾ ತೆಗೆದರು. ಬಟ್ಟೆ ತಗೊಂಡು ಲೇತಿನ ಬೆಡ್ ಹೊಳೆಯೋ ತನಕ ಉಜ್ಜಿದರು. ಚೆಂಡುಹೂವಿನ ಹಾರವನ್ನೂ ತಾವೇ ಕಟ್ಟಿದರು. ಒಬ್ಬ ಹುಡುಗ ಹಾರ ತಗೊಂಡು ಹೋಗಿ ಲೇತಿನ ತಿರುಗುವ ಚಕ್‌ಗೆ ಸುತ್ತಿದ್ದ. ಭಾಯ್ ಅದನ್ನು ಬಿಚ್ಚಿ ಮೇಲೆ ಅಲ್ಲಾಡದ ಹೆಡ್‌ಸ್ಟಾಕ್‌ಗೆ ಕಟ್ಟಿದರು. "ಯಾರಾದ್ರೂ ಮರೆತು ಮಷಿನ್ ಆನ್ ಮಾಡಿದ್ರೆ ದಾರ ಸುತ್ತಿಕೊಳ್ಳುತ್ತೆ, ಕೈ ಹೋಗುತ್ತೆ" ಅಂದರು. ಆ ಯಂತ್ರದ ಮೇಲೆ ಅವರಿಗಿರುವಷ್ಟು ಗೌರವ ಅಲ್ಲಿ ಯಾರಿಗಿದೆ ಅಂತ ನನಗೆ ಅನ್ನಿಸಿತು.

ಮಂಗಳಾರತಿ ಹೊತ್ತಿಗೆ ಅವರೂ ಚಪ್ಪಲಿ ಬಿಟ್ಟು ಒಂದು ಪಕ್ಕ ನಿಂತಿದ್ದರು. ಸೂಪರ್‌ವೈಸರ್ ಒಂದು ಕೈಯಲ್ಲಿ ಕುಂಕುಮದ ತಟ್ಟೆ, ಇನ್ನೊಂದು ಕೈಯಲ್ಲಿ ಕವರ್‌ಗಳನ್ನು ಹಿಡಿದು ಬಂದರು. ಭಾಯ್ ಎದೆ ಮೇಲೆ ಕೈ ಇಟ್ಟು, ಅರ್ಧ ಹೆಜ್ಜೆ ಹಿಂದೆ ಸರಿದು, ಆ ಮಾತು ಹೇಳಿದರು. ದನಿಯಲ್ಲಿ ಒರಟಿರಲಿಲ್ಲ. ಮುಖದಲ್ಲಿ ನಗುವೇ ಇತ್ತು. ಸೂಪರ್‌ವೈಸರ್ ಮಾತ್ರ ಬಿಡಲಿಲ್ಲ.

"ಇದು ಧರ್ಮ ಅಲ್ಲಪ್ಪಾ, ನಮ್ಮ ಸಂಸ್ಕೃತಿ. ಬಾನು ಮುಷ್ತಾಕ್ ಅವರೇ ಚಾಮುಂಡಿ ಬೆಟ್ಟಕ್ಕೆ ಹೋಗಿ ದೇವಿಗೆ ಹೂವು ಹಾಕಿ ಬಂದ್ರು. ನಿನಗೇನು ಕಷ್ಟ?"

"ಅದು ಅವರಿಷ್ಟ ಸಾರ್. ಇದು ನನ್ನಿಷ್ಟ."

ಅಷ್ಟರಲ್ಲಿ ಗೇಟಿನ ಹತ್ತಿರ ಕುಂಬಳಕಾಯಿ ಒಡೆದ ಸದ್ದಾಯಿತು, ಎಲ್ಲರೂ ಆ ಕಡೆ ಹೋದರು. ಪುರಿಯ ಕವರ್ ಭಾಯ್ ಕೈಗೆ ಬಂತು. ಆದರೆ ಕೇಳಿಸಿಕೊಂಡ ಮೇಲೆ ಬಂತು.

ಸೂಪರ್‌ವೈಸರ್ ಕೆಟ್ಟವರಲ್ಲ. ಲಾಕ್‌ಡೌನ್ ಸಮಯದಲ್ಲಿ ಭಾಯ್ ಮನೆಗೆ ಅಕ್ಕಿ ಮೂಟೆ ಹೊತ್ತುಕೊಂಡು ಹೋದವರು ಅವರೇ. ಅದಕ್ಕೇ ಈ ಮಾತು ನನಗೆ ಜಾಸ್ತಿ ಚುಚ್ಚಿತು. ಯಾರೋ ದಾರಿಹೋಕ ಅಂದಿದ್ದರೆ ಬಿಟ್ಟುಬಿಡುತ್ತಿದ್ದೆ. ಇನ್ನೂ ಒಂದು ವಿಷಯ ಇದೆ. 2025ರ ಸೆಪ್ಟೆಂಬರ್ ಪೂರ್ತಿ ಊಟದ ಹೊತ್ತಿಗೆ ಇವರೇ ಜೋರಾಗಿ ವಾದ ಮಾಡಿದ್ದು: ಲೇಖಕಿ ಬಾನು ಮುಷ್ತಾಕ್ ಮೈಸೂರು ದಸರಾ ಉದ್ಘಾಟನೆ ಮಾಡಬಾರದು, ದೇವಿಯಲ್ಲಿ ನಂಬಿಕೆ ಇದೆ ಅಂತ ಮೊದಲು ಅವರು ಹೇಳಲಿ, ಅದು ಧಾರ್ಮಿಕ ಆಚರಣೆ, ನಾಟಕದ ವೇದಿಕೆ ಅಲ್ಲ ಅಂತ. 15ನೇ ತಾರೀಕು ಹೈಕೋರ್ಟ್ ಅವರನ್ನು ಕರೆದದ್ದರ ವಿರುದ್ಧದ ಅರ್ಜಿಗಳನ್ನು ವಜಾ ಮಾಡಿತು. 19ಕ್ಕೆ ಸುಪ್ರೀಂ ಕೋರ್ಟೂ ಒಪ್ಪಲಿಲ್ಲ. ಇದು ಸರ್ಕಾರದ ಕಾರ್ಯಕ್ರಮ, ಸರ್ಕಾರ ಜನರಲ್ಲಿ ಭೇದ ಮಾಡೋಕಾಗುತ್ತಾ ಅಂತ ಕೇಳಿತು. ಸಂವಿಧಾನದ ಪ್ರಸ್ತಾವನೆಯಲ್ಲಿ ಏನಿದೆ ಅಂತ ನೆನಪು ಮಾಡಿತು. 22ಕ್ಕೆ ಬಾನು ಮುಷ್ತಾಕ್ ಚಾಮುಂಡಿ ಬೆಟ್ಟದಲ್ಲಿ ದೀಪ ಹಚ್ಚಿ, ದೇವಿಗೆ ಹೂವು ಹಾಕಿದರು. 2017ರಲ್ಲಿ ಕವಿ ನಿಸಾರ್ ಅಹಮದ್ ಅವರು ಇದೇ ದಸರಾ ಉದ್ಘಾಟನೆ ಮಾಡಿದ್ದರು. ಆಗ ಇಷ್ಟೊಂದು ಗಲಾಟೆ ಆಗಿರಲಿಲ್ಲ.

ನನಗೆ ಅರ್ಥವಾಗದೇ ಇರೋದು ಇದು. ಬೆಟ್ಟದ ವಿಷಯ ಬಂದಾಗ ದಸರಾ ಪಕ್ಕಾ ಧರ್ಮ, ನಂಬದವರು ದೂರ ಇರಬೇಕು. ವರ್ಕ್‌ಶಾಪಿನ ವಿಷಯ ಬಂದಾಗ ಅದೇ ದಸರಾ ಬರೀ ಸಂಸ್ಕೃತಿ, ನಂಬದವರೂ ಹಣೆ ಒಡ್ಡಬೇಕು. ಬರ್ತೀನಿ ಅಂದವರಿಗೆ ಬೇಡ ಅನ್ನೋದು, ಇಲ್ಲೇ ನಿಲ್ತೀನಿ ಅಂದವರಿಗೆ ಬಾ ಅನ್ನೋದು. ಎರಡೂ ಕಡೆ ಎಲ್ಲಿ ನಿಲ್ಲಬೇಕು ಅಂತ ತೀರ್ಮಾನ ಮಾಡೋರು ಬೇರೆಯವರು. ಆ ಮನುಷ್ಯನನ್ನು ಕೇಳೋರೇ ಇಲ್ಲ.

ಇದು ಒಂದು ಪಕ್ಷದವರ ಕಾಯಿಲೆ ಅಂತ ನಾನು ಹೇಳಲಾರೆ. ಬಾನು ಮುಷ್ತಾಕ್ ಅವರನ್ನು ಕರೆದಿದ್ದು ನನಗೆ ತುಂಬಾ ಖುಷಿ ಕೊಟ್ಟ ವಿಷಯ. ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿ ಕನ್ನಡಕ್ಕೆ ಬಂದದ್ದು ಅವರಿಂದ. ಆದರೆ ಅವರು ಹೂವು ಹಾಕಿದ ಫೋಟೋ ಬಂದ ದಿನ ನಮ್ಮ ಗೆಳತಿಯರ ಗ್ರೂಪಿನಲ್ಲಿ "ಮುಸ್ಲಿಮರು ಅಂದ್ರೆ ಹೀಗಿರಬೇಕು" ಅಂತ ಮೆಸೇಜ್ ಮೇಲೆ ಮೆಸೇಜ್. ಪ್ರೀತಿಯಿಂದಲೇ ಬರೆದದ್ದು. ಆದರೆ ಆ ಮೆಚ್ಚುಗೆಯೇ ಎಂಟು ದಿನಕ್ಕೆ ಭಾಯ್ ಮುಂದೆ ಅಳತೆಗೋಲಾಗಿ ಬಂದು ನಿಂತಿತು ನೋಡಿ. ಅವರು ಹಾಕಿದ್ರು, ನಿನಗೇನು? ಒಬ್ಬರು ತಮ್ಮ ಮನಸ್ಸಿಗೆ ಸರಿ ಕಂಡದ್ದನ್ನು ಮಾಡಿದರೆ ಅದು ಆ ಧರ್ಮದ ಇನ್ನೆಲ್ಲರಿಗೂ ಪರೀಕ್ಷೆ ಆಗಬಾರದು. ಹೂವು ಹಾಕಿದವರಿಗೆ ಇರುವ ಸ್ವಾತಂತ್ರ್ಯವೇ ಕುಂಕುಮ ಬೇಡ ಅಂದವರಿಗೂ ಇರೋದು.

ಇನ್ನು "ಪುರಿ ಮಾತ್ರ ಯಾಕೆ" ಅನ್ನೋ ಪ್ರಶ್ನೆ. ಪ್ರತಿ ವರ್ಷ ರಂಜಾನ್ ಆದ ಮೇಲೆ ಭಾಯ್ ಮನೆಯಿಂದ ದೊಡ್ಡ ಡಬ್ಬಿಯಲ್ಲಿ ಬಿರಿಯಾನಿ ಬರುತ್ತೆ. ಜೊತೆಗೆ ಒಂದು ಚಿಕ್ಕ ಕವರಿನಲ್ಲಿ ಖರ್ಜೂರ, ಸೇಬು. ಆ ಕವರ್ ಸೂಪರ್‌ವೈಸರ್‌ಗೆ, ಯಾಕೆಂದರೆ ಅವರು ಮಾಂಸ ತಿನ್ನೋದಿಲ್ಲ. ಅವರು ಖರ್ಜೂರ ತಗೊಳ್ತಾರೆ, ಬಿರಿಯಾನಿ ಬೇಡ ಅಂತಾರೆ. "ಬಿರಿಯಾನಿ ಬೇಡ ಅಂದ್ರೆ ಖರ್ಜೂರ ಮಾತ್ರ ಯಾಕೆ" ಅಂತ ಭಾಯ್ ಒಂದು ದಿನವೂ ಕೇಳಿಲ್ಲ. ಕೇಳೋ ಪ್ರಸಂಗವೇ ಬಾರದ ಹಾಗೆ ಮನೆಯಿಂದಲೇ ಬೇರೆ ಕವರ್ ಮಾಡಿಸಿಕೊಂಡು ಬರ್ತಾರೆ.

ಹಳೆಯ ಒಂದು ಕೇಸ್ ಇದೆ. 1985ರಲ್ಲಿ ಕೇರಳದ ಒಂದು ಶಾಲೆಯಿಂದ ಮೂವರು ಮಕ್ಕಳನ್ನು ಹೊರಗೆ ಹಾಕಿದರು. ಒಂದೇ ಮನೆಯ ಮಕ್ಕಳು, ಯೆಹೋವನ ಸಾಕ್ಷಿಗಳು ಅನ್ನುವ ಕ್ರೈಸ್ತ ಪಂಗಡದವರು. ರಾಷ್ಟ್ರಗೀತೆ ಹೇಳುವಾಗ ಎಲ್ಲರ ಜೊತೆ ಎದ್ದು ಗೌರವದಿಂದ ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಅವರ ನಂಬಿಕೆಯಲ್ಲಿ ಅದು ಪ್ರಾರ್ಥನೆಯಾಗಿಬಿಡುತ್ತೆ ಅಂತ. 1986ರಲ್ಲಿ ಸುಪ್ರೀಂ ಕೋರ್ಟ್ ಆ ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಿ ಅಂತ ಹೇಳಿತು. ತೀರ್ಪು ಬರೆದವರು ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ, ಆಮೇಲೆ ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾಗಿದ್ದವರೇ. ಆ ನಂಬಿಕೆ ನಮ್ಮ ಬುದ್ಧಿಗೆ ಒಪ್ಪುತ್ತಾ ಅನ್ನೋದು ಪ್ರಶ್ನೆಯಲ್ಲ, ಅವರು ಅದನ್ನು ಮನಸಾರೆ ನಂಬಿದ್ದಾರಾ ಅನ್ನೋದಷ್ಟೇ ಪ್ರಶ್ನೆ ಅಂತ ಅವರು ಬರೆದರು. ಎದ್ದು ನಿಲ್ಲುತ್ತೇವೆ, ಹಾಡುವುದಿಲ್ಲ. ಪುರಿ ಕೊಡಿ, ಕುಂಕುಮ ಬೇಡ. ನನಗೆ ಎರಡೂ ಒಂದೇ ಥರ ಕೇಳಿಸುತ್ತೆ. ಇಬ್ಬರೂ ಬಾಗಿಲು ಹಾಕಿಕೊಂಡು ಹೋದವರಲ್ಲ. ಬರುವಷ್ಟು ದೂರ ಬಂದು, ಇಲ್ಲಿಂದ ಮುಂದೆ ನನಗಾಗದು ಅಂದವರು.

ನಮ್ಮದು ಖಾಸಗಿ ಜಾಗ, ಸರ್ಕಾರವಲ್ಲ. ಸಂವಿಧಾನದ 25ನೇ ವಿಧಿ ಹಿಡಿದುಕೊಂಡು ಸೂಪರ್‌ವೈಸರ್ ಮೇಲೆ ಯಾರೂ ಕೋರ್ಟಿಗೆ ಹೋಗಬೇಕಾಗಿಲ್ಲ, ಭಾಯ್ ಅಂತೂ ಹೋಗುವವರಲ್ಲ. ಆದರೆ ಆ ವಿಧಿ ಶುರುವಾಗೋದೇ ಆತ್ಮಸಾಕ್ಷಿಯ ಸ್ವಾತಂತ್ರ್ಯದಿಂದ. ಪೂಜೆ, ಆಚರಣೆ, ಪ್ರಚಾರ ಎಲ್ಲಾ ಆಮೇಲೆ. ಪಟಾಕಿ, ಮೈಕು, ಮೆರವಣಿಗೆ ಅಂತ ಹಬ್ಬದ ಹಕ್ಕಿನ ಬಗ್ಗೆ ನಾವು ವರ್ಷವೆಲ್ಲ ಜಗಳ ಆಡುತ್ತೇವೆ. ನನ್ನ ಹಬ್ಬ ನಾನು ಮಾಡೋಕೆ ಯಾರಪ್ಪಣೆ ಅಂತ ಕೇಳುತ್ತೇವೆ, ಕೇಳಬೇಕಾದ್ದೇ. ಆದರೆ ನನ್ನ ಹಬ್ಬದಲ್ಲಿ ಪಕ್ಕದವನು ಎಷ್ಟು ಸೇರಬೇಕು ಅಂತ ಹೇಳೋಕೆ ನನಗ್ಯಾರು ಅಪ್ಪಣೆ ಕೊಟ್ಟರು?

ಮೊನ್ನೆ ಮಾಲೀಕರ ಹತ್ತಿರ ಒಂದು ಮಾತು ಹೇಳಿದೆ. ಮುಂದಿನ ವರ್ಷ ಕುಂಕುಮದ ತಟ್ಟೆ ಹಿಡಿದು ಒಬ್ಬೊಬ್ಬರ ಮುಂದೆ ಹೋಗೋದು ಬೇಡ, ಪೂಜೆಯ ಮೇಜಿನ ಮೇಲೇ ಇರಲಿ, ಬೇಕಾದವರು ಬಂದು ಇಟ್ಟುಕೊಳ್ಳಲಿ. ಪುರಿಯ ಕವರ್ ಮಾತ್ರ ಎಲ್ಲರಿಗೂ ಕೈಗೇ ಕೊಡೋಣ, ಬೆಳಗ್ಗೆಯಿಂದ ಮಷಿನ್ ತೊಳೆದಿರ್ತಾರೆ. ಮಾಲೀಕರು "ನೋಡೋಣ ಮೇಡಂ" ಅಂದಿದ್ದಾರೆ. ಸೂಪರ್‌ವೈಸರ್‌ಗೆ ಇದು ಹಿಡಿಸಿಲ್ಲ. "ಇಷ್ಟು ದಿನ ಇಲ್ಲದ್ದು ಈಗ್ಯಾಕೆ" ಅಂತ ನನ್ನ ಟೇಬಲ್ ಹತ್ತಿರ ಬಂದು ಕೇಳಿದರು. ಖರ್ಜೂರದ ವಿಷಯ ಹೇಳಿದೆ. ಅವರು ಏನೂ ಅನ್ನದೆ ವೋಚರ್‌ಗಳಿಗೆ ಸಹಿ ಹಾಕಿ ಎದ್ದು ಹೋದರು. ಮಾಲೀಕರನ್ನು ದೀಪಾವಳಿ ಬೋನಸ್ ಲೆಕ್ಕ ಕೊಡೋಕೆ ಹೋದಾಗ ಇನ್ನೊಂದು ಸಲ ಕೇಳುತ್ತೇನೆ.